ಪುರಾತತ್ತ್ವದಲ್ಲಿ ಪಿಎಚ್‌ಡಿ ಮುಗಿಯುತ್ತಾ ಬಂತು, ಫೆಲೋಶಿಪ್ ಎಲ್ಲಿ ಹುಡುಕಲಿ?

ಪ್ರಶ್ನೆ: ದಕ್ಷಿಣ ಭಾರತದ ನವಶಿಲಾಯುಗದ ಮೇಲೆ ಪಿಎಚ್‌ಡಿ ಮಾಡಿದ್ದೇನೆ. ಮೌಖಿಕ ಪರೀಕ್ಷೆಯಷ್ಟೇ ಬಾಕಿ. ಸದ್ಯ ಅತಿಥಿ ಉಪನ್ಯಾಸಕನಾಗಿ ಪಾಠ ಮಾಡುತ್ತಿದ್ದೇನೆ. ಪೋಸ್ಟ್ ಡಾಕ್ಟರಲ್ ಫೆಲೋಶಿಪ್‌ಗಳ ಪಟ್ಟಿ ಎಲ್ಲಿ ಸಿಗುತ್ತದೆ, ಅರ್ಜಿ ಹೇಗೆ ಹಾಕಬೇಕು? ನನ್ನ ಮಾರ್ಗದರ್ಶಕರಿಗೆ ಹೊರದೇಶಗಳ ಒಡನಾಟ ಹೆಚ್ಚಿಲ್ಲ.

ಉತ್ತರ: ಪಟ್ಟಿ ಬೇಕಾದರೆ ಅರ್ಧ ದಿನದಲ್ಲಿ ತಯಾರಾಗುತ್ತದೆ, ಮುಂದೆ ನಾನೂ ಕೆಲವು ಹೆಸರುಗಳನ್ನು ಕೊಡುತ್ತೇನೆ. ಆದರೆ ಪಟ್ಟಿಯಿಂದ ಶುರು ಮಾಡಬೇಡಿ ಎಂಬುದೇ ನನ್ನ ಮೊದಲ ಮಾತು. ಪಟ್ಟಿ ಹಿಡಿದು ಹೊರಟವರು ಮಹಾಪ್ರಬಂಧದ ಸಾರಾಂಶವನ್ನೇ ಅಷ್ಟಿಷ್ಟು ತಿದ್ದಿ ಹತ್ತು ಕಡೆ ಕಳುಹಿಸುತ್ತಾರೆ, ಹತ್ತೂ ಕಡೆ ತಿರಸ್ಕೃತರಾಗುತ್ತಾರೆ. ಅರ್ಜಿ ಓದುವವರಿಗೆ ನೀವು ಪಿಎಚ್‌ಡಿಯಲ್ಲಿ ಏನು ಮಾಡಿದಿರಿ ಎಂಬುದಕ್ಕಿಂತ ಇನ್ನೆರಡು ವರ್ಷದಲ್ಲಿ ಏನನ್ನು ಮಾಡಿ ಮುಗಿಸುತ್ತೀರಿ ಎಂಬುದು ಮುಖ್ಯ. ಹೊಸ ಪ್ರಶ್ನೆ ಯಾವುದು? ಅದಕ್ಕೆ ಉತ್ತರ ಹೇಳಬಲ್ಲ ಸಾಮಗ್ರಿ ನಿಮ್ಮ ಕೈಗೆ ಸಿಗುತ್ತದೆಯೇ? ಆ ಕೆಲಸ ಇಂಥ ಸಂಸ್ಥೆಯಲ್ಲೇ ಯಾಕೆ ಆಗಬೇಕು? ಇಷ್ಟಕ್ಕೆ ಉತ್ತರ ಗಟ್ಟಿಯಾದರೆ ಯಾವ ಫೆಲೋಶಿಪ್ ಎಂಬುದು ಬೇಗ ತಿಳಿಯಾಗುತ್ತದೆ.

ಸಾಮಗ್ರಿಯ ಮಾತನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ನಮ್ಮವರ ಅರ್ಜಿಗಳು ಬಹುಪಾಲು ಸೋಲುವುದು ಅಲ್ಲಿಯೇ. ಹೊಸದಾಗಿ ಉತ್ಖನನ ಮಾಡುತ್ತೇನೆ ಎಂದು ಬರೆಯುವುದು ಸುಲಭ. ಆದರೆ ಭಾರತದಲ್ಲಿ ಉತ್ಖನನಕ್ಕೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಪರವಾನಗಿ ಬೇಕು. ಅದು ಸಂಸ್ಥೆಯ ಹೆಸರಿನಲ್ಲಿ, ಅಕ್ಟೋಬರ್‌ನಿಂದ ಸೆಪ್ಟೆಂಬರ್‌ವರೆಗಿನ ಒಂದು ಋತುವಿಗೆಂದು ಸಿಗುತ್ತದೆ. ಪರವಾನಗಿ ತಡವಾಯಿತೆಂದರೆ ಎರಡು ವರ್ಷದ ಫೆಲೋಶಿಪ್‌ನಲ್ಲಿ ಒಂದು ವರ್ಷ ಕಳೆದಂತೆ. ಪರಿಶೀಲಕರಿಗೆ ಇದು ಗೊತ್ತಿರುತ್ತದೆ. ಇನ್ನೊಂದು ಕಡೆ, ದಶಕಗಳ ಹಿಂದೆ ಅಗೆದು ತೆಗೆದ ಮಡಕೆ ಚೂರುಗಳು, ಪ್ರಾಣಿಗಳ ಮೂಳೆ, ಸುಟ್ಟ ಕಾಳು, ಬೂದಿಯ ಮಾದರಿಗಳು ವಿಶ್ವವಿದ್ಯಾಲಯಗಳ ಮತ್ತು ಇಲಾಖೆಗಳ ಉಗ್ರಾಣಗಳಲ್ಲಿ ಚೀಲ ಬಿಚ್ಚುವವರಿಲ್ಲದೆ ಕುಳಿತಿವೆ. ಚೀಟಿಯ ಶಾಯಿ ಅಳಿಸಿ ಹೋದರೆ ಆ ಚೂರು ಯಾವ ಕಂದಕದ ಯಾವ ಪದರದ್ದೆಂದು ಹೇಳುವವರು ಮತ್ತೆ ಸಿಗುವುದಿಲ್ಲ. ಅವುಗಳ ಮೇಲೆ ಯೋಜನೆ ಕಟ್ಟಿದರೆ ನಿಮ್ಮ ಅರ್ಜಿಗೂ ಬಲ, ಆ ಸಾಮಗ್ರಿಗೂ ಮರುಜೀವ. ಪಿಎಚ್‌ಡಿ ಕಾಲದಲ್ಲಿ ಆ ಉಗ್ರಾಣಗಳಲ್ಲಿ ಓಡಾಡಿದ ನಿಮಗೆ ಇರುವ ಅನುಕೂಲ ಹೊರಗಿನ ಸ್ಪರ್ಧಿಗಳಿಗೆ ಇಲ್ಲ.

ನಿಮ್ಮ ಕ್ಷೇತ್ರದಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಬಳ್ಳಾರಿ, ರಾಯಚೂರು, ಯಾದಗಿರಿ ಕಡೆಯ ಬೂದಿದಿಬ್ಬಗಳು ಸುಟ್ಟ ಸಗಣಿಯ ರಾಶಿಗಳು, ದನದ ದೊಡ್ಡಿಗಳಿಗೆ ಸಂಬಂಧಿಸಿದವು ಎಂಬುದು ಉಟ್ನೂರು, ಬೂದಿಹಾಳ ಮೊದಲಾದ ಉತ್ಖನನಗಳಿಂದ ಖಚಿತವಾಗಿದೆ. ಆ ದನಗಳು ವರ್ಷಪೂರ್ತಿ ಅಲ್ಲೇ ಮೇಯುತ್ತಿದ್ದವೋ, ಋತುಮಾನಕ್ಕೆ ತಕ್ಕಂತೆ ದೂರ ಹೋಗಿ ಬರುತ್ತಿದ್ದವೋ? ಇದಕ್ಕೆ ಹಲ್ಲು ಸಾಕ್ಷಿ ಹೇಳಬಲ್ಲದು. ದನದ ದವಡೆ ಹಲ್ಲಿನ ಎನಾಮಲ್ ಮೇಲ್ತುದಿಯಿಂದ ಬೇರಿನ ಕಡೆಗೆ ತಿಂಗಳುಗಟ್ಟಲೆ ಬೆಳೆಯುತ್ತದೆ. ಹಾಗಾಗಿ ಉದ್ದಕ್ಕೂ ಸಾಲಾಗಿ ತೆಗೆದ ಚಿಟಿಕೆ ಪುಡಿಯಲ್ಲಿ ಸುಮಾರು ಒಂದು ವರ್ಷದ ಮೇವು ನೀರಿನ ದಾಖಲೆ ಇರುತ್ತದೆ. ಬಳ್ಳಾರಿ ಸೀಮೆಯ ಪುರಾತನ ಗ್ರಾನೈಟ್ ಮತ್ತು ನೈಸ್ ಶಿಲೆಗೂ ವಿಜಯಪುರ, ಕಲಬುರಗಿ ಕಡೆಯ ದಖನ್ ಟ್ರ್ಯಾಪ್ ಕಪ್ಪು ಶಿಲೆಗೂ ಸ್ಟ್ರಾನ್ಷಿಯಂ ಎಂಬ ಧಾತುವಿನ ಐಸೊಟೋಪ್‌ಗಳ (ತೂಕದಲ್ಲಿ ಬೇರೆಯಾದ ರೂಪಗಳ) ಪ್ರಮಾಣದಲ್ಲಿ ದೊಡ್ಡ ಅಂತರವಿದೆ. ನೆಲದ ಸ್ಟ್ರಾನ್ಷಿಯಂ ಮೇವು ನೀರಿನ ಮೂಲಕ ಹಲ್ಲಿಗೆ ಸೇರುತ್ತದೆ. ಒಂದೇ ಹಲ್ಲಿನೊಳಗೆ ಆ ಪ್ರಮಾಣ ಬದಲಾಗುತ್ತಾ ಹೋದರೆ ದನ ಒಂದು ನೆಲದಿಂದ ಇನ್ನೊಂದು ನೆಲಕ್ಕೆ ನಡೆದಿದೆ ಎಂದು ವಾದಿಸಬಹುದು. ಪ್ರಶ್ನೆ ಚಿಕ್ಕದು, ಸಾಮಗ್ರಿ ಇದೆ, ವಿಧಾನ ನಿಮಗೆ ಹೊಸದು, ಅದನ್ನು ಕಲಿಸಬಲ್ಲ ಪ್ರಯೋಗಾಲಯ ಬೇರೆ ಕಡೆ ಇದೆ. ಫೆಲೋಶಿಪ್ ಯೋಜನೆಗೆ ಬೇಕಾದ ಎಲುಬಿನ ಹಂದರ ಇಷ್ಟೇ.

ಅನುಮತಿ ಪತ್ರವನ್ನು ಮಾತ್ರ ಕೊನೆಗೆ ಉಳಿಸಿಕೊಳ್ಳಬೇಡಿ. ಸಾಮಗ್ರಿ ಯಾರ ವಶದಲ್ಲಿದೆಯೋ ಅವರಿಂದ ಅಧ್ಯಯನಕ್ಕೆ ಒಂದು ಒಪ್ಪಿಗೆ ಬೇಕು, ಮಾದರಿಯನ್ನು ಕೊರೆದು ಪುಡಿ ಮಾಡುವುದಿದ್ದರೆ ಅದನ್ನು ಸ್ಪಷ್ಟವಾಗಿ ನಮೂದಿಸಿದ ಒಪ್ಪಿಗೆ ಬೇಕು. ದೇಶದ ಹೊರಗೆ ಕಳುಹಿಸುವುದಿದ್ದರೆ ಸರ್ವೇಕ್ಷಣ ಇಲಾಖೆಯ ಅನುಮತಿಯೂ ಬೇಕು. 1972ರ ಪ್ರಾಚೀನ ವಸ್ತುಗಳ ಕಾಯ್ದೆ ಈ ವಿಷಯದಲ್ಲಿ ಕಟ್ಟುನಿಟ್ಟಾಗಿದೆ. ಫೈಲು ಮೇಜಿನಿಂದ ಮೇಜಿಗೆ ಹೋಗಲು ತಿಂಗಳುಗಳೇ ಹಿಡಿಯುತ್ತವೆ. ಮಾದರಿಗಳನ್ನು ಭಾರತದಲ್ಲೇ ಪರೀಕ್ಷಿಸಿ, ಫಲಿತಾಂಶದ ವಿಶ್ಲೇಷಣೆಯನ್ನು ಹೊರದೇಶದಲ್ಲಿ ಮಾಡುವ ಪರ್ಯಾಯವನ್ನು ಯೋಜನೆಯಲ್ಲೇ ಬರೆದಿಟ್ಟರೆ ಪರಿಶೀಲಕರ ಅನುಮಾನ ಅರ್ಧ ಕಳೆಯುತ್ತದೆ.

ಇನ್ನು ಆತಿಥೇಯರ ಹುಡುಕಾಟ. ಬಹುತೇಕ ದೊಡ್ಡ ಫೆಲೋಶಿಪ್‌ಗಳಿಗೆ ನಿಮ್ಮನ್ನು ಬರಮಾಡಿಕೊಳ್ಳಲು ಒಪ್ಪಿದ ಪ್ರಾಧ್ಯಾಪಕರ ಹೆಸರಿಲ್ಲದೆ ಅರ್ಜಿ ಹಾಕಲೂ ಆಗುವುದಿಲ್ಲ. ಅವರನ್ನು ಕಂಡುಕೊಳ್ಳಲು ಮಾರ್ಗದರ್ಶಕರ ಪರಿಚಯವೇ ಬೇಕೆಂದಿಲ್ಲ. ನಿಮ್ಮ ಮಹಾಪ್ರಬಂಧದಲ್ಲಿ ಅತಿ ಹೆಚ್ಚು ಉಲ್ಲೇಖಿಸಿದ ಇತ್ತೀಚಿನ ಲೇಖನಗಳನ್ನು ತೆರೆದು, ಯಾರೂ ಓದದ ಕೊನೆಯ ಕೃತಜ್ಞತೆಯ ಪ್ಯಾರಾವನ್ನು ಓದಿ. ಯಾವ ಸಂಸ್ಥೆಯ ಹಣದಿಂದ ಆ ಕೆಲಸ ನಡೆಯಿತು, ಆಗ ಲೇಖಕರು ಯಾರ ಬಳಿ ಫೆಲೋ ಆಗಿದ್ದರು ಎಂಬುದು ಅಲ್ಲಿರುತ್ತದೆ. ನಿಮ್ಮದೇ ವಿಷಯಕ್ಕೆ ಹಣ ಕೊಡುವವರ ಪಟ್ಟಿ ಹೀಗೆ ನಿಮ್ಮ ಕೈಯಲ್ಲೇ ತಯಾರಾಗುತ್ತದೆ. ಐರೋಪ್ಯ ಒಕ್ಕೂಟದ ಕಾರ್ಡಿಸ್ ಎಂಬ ದತ್ತಾಂಶ ತಾಣದಲ್ಲಿ ಆ ಒಕ್ಕೂಟ ಹಣ ಕೊಟ್ಟ ಯೋಜನೆಗಳ ಸಾರಾಂಶಗಳಿವೆ. ದಕ್ಷಿಣ ಏಷ್ಯಾ, ಪುರಾತತ್ತ್ವ ಎಂದು ಹುಡುಕಿದರೆ ಗೆದ್ದ ಯೋಜನೆಗಳು ಹೇಗೆ ಮಾತಾಡುತ್ತವೆ ಎಂಬುದೂ ತಿಳಿಯುತ್ತದೆ. ಬಳ್ಳಾರಿ ಬಳಿಯ ಸಂಗನಕಲ್ಲು ಮತ್ತಿತರ ನೆಲೆಗಳ ಸುಟ್ಟ ಕಾಳುಗಳಲ್ಲಿ ಹುರುಳಿ, ಹೆಸರು, ಕೊರಲೆಗಳನ್ನು ಗುರುತಿಸಿದ ಕೆಲಸ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಪುರಾತತ್ತ್ವ ಸಂಸ್ಥೆಯ ಡೋರಿಯನ್ ಫುಲ್ಲರ್ ಮತ್ತು ಅವರ ಜೊತೆಗಾರರದು. ಕೇಂಬ್ರಿಜ್‌ನಲ್ಲಿ ಸಿಂಧೂ ಬಯಲಿನ ಮಳೆ ಮತ್ತು ಬೇಸಾಯದ ಮೇಲಿನ ಯೋಜನೆ ನಡೆದಿದೆ, ದಕ್ಷಿಣ ಏಷ್ಯಾದ ಪುರಾತತ್ತ್ವ ನೆಲೆಗಳ ನಕಾಶೆ ತಯಾರಿಸುವ ದೊಡ್ಡ ಯೋಜನೆಯೂ ಅಲ್ಲಿಯದೇ. ಜರ್ಮನಿಯ ಯೇನಾ ಮತ್ತು ಲೈಪ್‌ಜಿಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಗಳನ್ನೂ ನೋಡಿ.

ಮೊದಲ ಇ-ಮೇಲ್ ಬಗ್ಗೆ ಸ್ವಲ್ಪ ನಿಲ್ಲಬೇಕು. "ತಮ್ಮ ಘನ ಸಂಶೋಧನೆಯಿಂದ ಪ್ರಭಾವಿತನಾಗಿದ್ದೇನೆ, ದಯವಿಟ್ಟು ಒಂದು ಅವಕಾಶ ಕೊಡಿ" ಎಂಬ ಧಾಟಿಯ ಪತ್ರಗಳು ಆ ಪ್ರಾಧ್ಯಾಪಕರಿಗೆ ವಾರವೂ ಬರುತ್ತವೆ. ಅವಕ್ಕೆ ಉತ್ತರ ಬರದಿದ್ದರೆ ಅದು ಅವರ ದರ್ಪವಲ್ಲ; ಉತ್ತರಿಸಲು ಪತ್ರದಲ್ಲಿ ಏನೂ ಇರುವುದಿಲ್ಲ. ಹೀಗೆ ಬರೆದು ನೋಡಿ: "ಇಂಥ ಬೂದಿದಿಬ್ಬದ ಉತ್ಖನನದಲ್ಲಿ ಸಿಕ್ಕ ದನದ ಹಲ್ಲುಗಳು ಇಂಥ ಉಗ್ರಾಣದಲ್ಲಿವೆ. ಪದರಗಳ ದಾಖಲೆ ಚೆನ್ನಾಗಿದೆ, ಅಧ್ಯಯನಕ್ಕೆ ಒಪ್ಪಿಗೆ ಸಿಕ್ಕಿದೆ. ಅವುಗಳಿಂದ ದನಗಳ ಋತುಮಾನದ ಓಡಾಟವನ್ನು ತಿಳಿಯಬೇಕೆಂದಿದ್ದೇನೆ. ನಿಮ್ಮ ಇಂಥ ಲೇಖನದ ವಿಧಾನ ಇಲ್ಲಿಗೆ ಹೊಂದುತ್ತದೆ ಎನಿಸಿತು. ಮುಂದಿನ ಸೆಪ್ಟೆಂಬರ್‌ನಲ್ಲಿ ಇಂಥ ಫೆಲೋಶಿಪ್‌ಗೆ ಅರ್ಜಿ ಹಾಕಲು ನೀವು ಆತಿಥೇಯರಾಗಬಲ್ಲಿರಾ?" ಇಷ್ಟನ್ನೇ ಇಂಗ್ಲಿಷ್‌ನಲ್ಲಿ ಬರೆದು, ಎರಡು ಪುಟದ ಸ್ವವಿವರ ಮತ್ತು ಒಂದು ಪುಟದ ಟಿಪ್ಪಣಿ ಲಗತ್ತಿಸಿ. ಎರಡು ವಾರ ಕಾದು ಒಮ್ಮೆ ನೆನಪಿಸುವುದರಲ್ಲಿ ತಪ್ಪಿಲ್ಲ. ಕೊನೆಯ ದಿನಾಂಕಕ್ಕೆ ತಿಂಗಳಿರುವಾಗ ಬರೆದ ಪತ್ರಕ್ಕೆ ಮಾತ್ರ ಒಪ್ಪಿಗೆ ನಿರೀಕ್ಷಿಸಬೇಡಿ. ಆರರಿಂದ ಎಂಟು ತಿಂಗಳು ಮೊದಲೇ ಬರೆಯಿರಿ.

ಈಗ ಹೆಸರುಗಳು. ಯುರೋಪಿನ ಮಾರಿ ಸ್ಕ್ಲೊಡೊವ್ಸ್ಕಾ ಕ್ಯೂರಿ ಫೆಲೋಶಿಪ್ ಯಾವ ದೇಶದವರಿಗೂ ತೆರೆದಿದೆ. ಪಿಎಚ್‌ಡಿ ಆಗಿ ಎಂಟು ವರ್ಷದೊಳಗಿರಬೇಕು, ಹೋಗುವ ದೇಶದಲ್ಲಿ ಹಿಂದಿನ ಮೂರು ವರ್ಷಗಳ ಪೈಕಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇದ್ದಿರಬಾರದು. ಸಾಮಾನ್ಯವಾಗಿ ಏಪ್ರಿಲ್ ಹೊತ್ತಿಗೆ ಅರ್ಜಿ ಕರೆದು ಸೆಪ್ಟೆಂಬರ್‌ನಲ್ಲಿ ಮುಚ್ಚುತ್ತಾರೆ. ಅರ್ಜಿಯ ಮುಖ್ಯ ಭಾಗ ಹತ್ತೇ ಪುಟ. ಸಂಶೋಧನೆಯ ಗುಣಮಟ್ಟಕ್ಕೆ ಶೇ 50, ಪರಿಣಾಮಕ್ಕೆ ಶೇ 30, ಕಾರ್ಯಯೋಜನೆಗೆ ಶೇ 20 ಅಂಕ. 2025ರ ಸುತ್ತಿಗೆ 17 ಸಾವಿರಕ್ಕೂ ಹೆಚ್ಚು ಅರ್ಜಿಗಳು ಬಂದಿದ್ದವು, ಹಾಗಾಗಿ ಅರ್ಧ ಮನಸ್ಸಿನಿಂದ ಬರೆದ ಅರ್ಜಿಗೆ ಅಲ್ಲಿ ಜಾಗವಿಲ್ಲ. ನಿಮ್ಮ ಅರ್ಜಿ ಓದುವವರು ದಕ್ಷಿಣ ಭಾರತದ ತಜ್ಞರಾಗಿರಬೇಕೆಂದಿಲ್ಲ. ಬೂದಿದಿಬ್ಬ ಎಂದರೇನು ಎಂಬುದನ್ನು ರೋಮನ್ ಕಾಲದ ತಜ್ಞರಿಗೂ ಅರ್ಥವಾಗುವಂತೆ ಎರಡು ವಾಕ್ಯದಲ್ಲಿ ಹೇಳಲು ಕಲಿಯಿರಿ. ತರಬೇತಿಯ ಭಾಗವನ್ನು ನಮ್ಮವರು ಕಾಟಾಚಾರಕ್ಕೆ ಬರೆಯುತ್ತಾರೆ. ಅದು ಗುಣಮಟ್ಟದ ಅಂಕಗಳೊಳಗೇ ಸೇರಿದೆ ಎಂಬುದನ್ನು ಮರೆಯಬಾರದು.

ಜರ್ಮನಿಯ ಹಂಬೋಲ್ಟ್ ಪ್ರತಿಷ್ಠಾನದ ಪೋಸ್ಟ್ ಡಾಕ್ಟರಲ್ ಫೆಲೋಶಿಪ್‌ಗೆ ಪಿಎಚ್‌ಡಿ ಆಗಿ ನಾಲ್ಕು ವರ್ಷದೊಳಗಿರಬೇಕು. ವಿಷಯಕ್ಕಾಗಲೀ ದೇಶಕ್ಕಾಗಲೀ ಕೋಟಾ ಇಲ್ಲ. ಜಪಾನಿನ ವಿಜ್ಞಾನ ಪ್ರೋತ್ಸಾಹ ಸಂಸ್ಥೆಯಾದ ಜೆಎಸ್‌ಪಿಎಸ್‌ನ ಫೆಲೋಶಿಪ್‌ಗೆ ಈ ಮಿತಿ ಆರು ವರ್ಷ, ಅರ್ಜಿ ಹೋಗುವುದು ಆತಿಥೇಯರ ಮೂಲಕ. ಬ್ರಿಟನ್ನಿನ ಹೊರಗೆ ಕೆಲಸ ಮಾಡುವವರಿಗೆ ಬ್ರಿಟಿಷ್ ಅಕಾಡೆಮಿಯ ಇಂಟರ್‌ನ್ಯಾಷನಲ್ ಫೆಲೋಶಿಪ್ ಇದೆ. ಅಲ್ಲಿನ ಲೆವರ್‌ಹ್ಯೂಮ್ ಫೆಲೋಶಿಪ್ ಬಗ್ಗೆ ಅನೇಕರು ಆಸೆಪಡುತ್ತಾರೆ, ಆದರೆ ಬ್ರಿಟನ್ನಿನ ಪದವಿಯಾಗಲೀ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಹುದ್ದೆಯಾಗಲೀ ಇಲ್ಲದಿದ್ದರೆ ಅದಕ್ಕೆ ಅರ್ಹತೆಯೇ ಬರುವುದಿಲ್ಲ. ಡ್ಯುಸೆಲ್‌ಡಾರ್ಫ್‌ನ ಗೆರ್ಡಾ ಹೆಂಕೆಲ್ ಪ್ರತಿಷ್ಠಾನವನ್ನು ನಮ್ಮಲ್ಲಿ ಹೆಚ್ಚು ಜನ ಗಮನಿಸಿಲ್ಲ. ಅದು ಪುರಾತತ್ತ್ವ, ಪ್ರಾಗಿತಿಹಾಸಗಳನ್ನು ಹೆಸರಿಸಿಯೇ ಬೆಂಬಲಿಸುತ್ತದೆ. ನೀವು ಯಾವ ದೇಶದವರು, ಎಲ್ಲಿ ಕೆಲಸ ಮಾಡುತ್ತೀರಿ ಎಂಬುದು ಅದಕ್ಕೆ ಅಡ್ಡಿಯಲ್ಲ. ಅಮೆರಿಕದ ವೆನ್ನರ್ ಗ್ರೆನ್ ಪ್ರತಿಷ್ಠಾನದಲ್ಲಿ ಎರಡು ಬಗೆಯಿದೆ: ಹೊಸ ಸಂಶೋಧನೆಯ ಖರ್ಚಿಗೆ ಕೊಡುವ ಅನುದಾನ, ಮತ್ತು ಮುಗಿಸಿದ ಸಂಶೋಧನೆಯನ್ನು ಬರೆದು ಪ್ರಕಟಿಸಲು ಕೊಡುವ ಹಂಟ್ ಫೆಲೋಶಿಪ್. ಮೊದಲನೆಯದರಲ್ಲಿ ನಿಮಗೆ ಸಂಬಳ ಸಿಗುವುದಿಲ್ಲ ಎಂಬುದು ಗಮನದಲ್ಲಿರಲಿ.

ಫೆಲೋಶಿಪ್ ಗೆದ್ದು ಹೋಗುವುದಷ್ಟೇ ದಾರಿಯಲ್ಲ. ದೊಡ್ಡ ಅನುದಾನ ಪಡೆದ ಪ್ರಾಧ್ಯಾಪಕರು ತಮ್ಮ ಯೋಜನೆಗೆ ಸಂಶೋಧಕರನ್ನು ನೇಮಿಸಿಕೊಳ್ಳುತ್ತಾರೆ. ಅಂಥ ಜಾಹೀರಾತುಗಳು ಯುರಾಕ್ಸೆಸ್ ತಾಣದಲ್ಲೂ ವಿಶ್ವವಿದ್ಯಾಲಯಗಳ ಉದ್ಯೋಗ ಪುಟಗಳಲ್ಲೂ ಬರುತ್ತವೆ. ಅಲ್ಲಿ ಪ್ರಶ್ನೆ ಅವರದು, ಕೌಶಲ ನಿಮ್ಮದು. ಮೂಳೆ ಗುರುತಿಸಲು, ನಕಾಶೆ ತಯಾರಿಸಲು, ಬೀಜ ವಿಂಗಡಿಸಲು ಬರುತ್ತದೆ ಎಂಬುದನ್ನು ಸ್ವವಿವರದ ಮೊದಲ ಪುಟದಲ್ಲೇ ಹೇಳಿ.

ಮನೆಯ ಕಾರಣಕ್ಕೆ ಊರು ಬಿಡಲಾಗದವರೂ ಇರುತ್ತಾರೆ. ಅವರಿಗೆ ಭಾರತೀಯ ಇತಿಹಾಸ ಸಂಶೋಧನಾ ಪರಿಷತ್ತಿನ ಫೆಲೋಶಿಪ್‌ಗಳಿವೆ, ಅದರ ದಕ್ಷಿಣ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲೇ ಇದೆ. ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತು ಮತ್ತು ಯುಜಿಸಿ ಪ್ರಕಟಣೆಗಳನ್ನೂ ನೋಡುತ್ತಿರಿ. ಶಿಮ್ಲಾದ ಭಾರತೀಯ ಉನ್ನತ ಅಧ್ಯಯನ ಸಂಸ್ಥೆ ಪುಸ್ತಕ ಬರೆಯುವವರಿಗೆ ಒಳ್ಳೆಯ ಜಾಗ. ನಿಮ್ಮ ಕೆಲಸ ವಿಜ್ಞಾನದ ಕಡೆ ವಾಲಿದ್ದು, ಪಿಎಚ್‌ಡಿಯೂ ವಿಜ್ಞಾನದ್ದಾಗಿದ್ದರೆ ಕೇಂದ್ರ ಸರ್ಕಾರದ ಸಂಶೋಧನಾ ಪ್ರತಿಷ್ಠಾನವಾದ ಎಎನ್‌ಆರ್‌ಎಫ್‌ನ ರಾಷ್ಟ್ರೀಯ ಪೋಸ್ಟ್ ಡಾಕ್ಟರಲ್ ಫೆಲೋಶಿಪ್ ಎರಡು ವರ್ಷಕ್ಕೆ ಸಿಗುತ್ತದೆ. ವಯೋಮಿತಿ 35, ಮಹಿಳೆಯರು ಮತ್ತು ಮೀಸಲು ವರ್ಗದವರಿಗೆ ಐದು ವರ್ಷ ಸಡಿಲಿಕೆ. ಲಖನೌದ ಬೀರಬಲ್ ಸಾಹ್ನಿ ಸಂಸ್ಥೆ, ಪುಣೆಯ ಡೆಕ್ಕನ್ ಕಾಲೇಜು, ಗಾಂಧಿನಗರದ ಐಐಟಿ, ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ (ನಿಯಾಸ್) ಇವು ಆತಿಥೇಯರನ್ನು ಹುಡುಕಬಹುದಾದ ಜಾಗಗಳು. ಬ್ರಿಟನ್ನಿನ ಸಂಗ್ರಹಗಳನ್ನು ಕೆಲವು ವಾರ ನೋಡಿ ಬರಬೇಕೆಂದರೆ ಚಾರ್ಲ್ಸ್ ವಾಲೆಸ್ ಇಂಡಿಯಾ ಟ್ರಸ್ಟ್‌ನ ಕಿರು ಅನುದಾನ ಇದೆ. ಅಂಥದೊಂದು ಸಣ್ಣ ಭೇಟಿಯಿಂದ ದೊಡ್ಡ ಫೆಲೋಶಿಪ್‌ಗೆ ಆತಿಥೇಯರು ಸಿಗುವುದುಂಟು.

ನಿಮಗೆ ಮೌಖಿಕ ಪರೀಕ್ಷೆ ಬಾಕಿ ಇರುವುದರಿಂದ ಎರಡು ಮಾತು ಹೆಚ್ಚಾಗಿ ಹೇಳಬೇಕು. ನಾಲ್ಕು ವರ್ಷ, ಎಂಟು ವರ್ಷ ಎಂಬ ಲೆಕ್ಕವೆಲ್ಲ ಪಿಎಚ್‌ಡಿ ದಿನಾಂಕದಿಂದ ಶುರುವಾಗುತ್ತದೆ. ಅದು ಮೌಖಿಕ ಪರೀಕ್ಷೆಯ ದಿನವೋ, ವಿಶ್ವವಿದ್ಯಾಲಯದ ಅಧಿಸೂಚನೆಯ ದಿನವೋ, ಘಟಿಕೋತ್ಸವದ ದಿನವೋ ಎಂಬುದು ಒಂದೊಂದು ಕಡೆ ಒಂದೊಂದು ರೀತಿ. ಪ್ರತಿ ಬಾರಿಯೂ ಆ ವರ್ಷದ ನಿಯಮಾವಳಿಯನ್ನೇ ಓದಿ. ಮಹಾಪ್ರಬಂಧದ ಎರಡು ಅಧ್ಯಾಯಗಳನ್ನಾದರೂ ಈಗಲೇ ಲೇಖನವಾಗಿಸಿ ಒಳ್ಳೆಯ ನಿಯತಕಾಲಿಕಗಳಿಗೆ ಕಳುಹಿಸಿ. ಅವು ಅಚ್ಚಾಗಲು ಒಂದು ವರ್ಷ ಹಿಡಿದರೆ ಆಶ್ಚರ್ಯವಿಲ್ಲ.

ಶಿಫಾರಸು ಪತ್ರ ಕೇಳುವಾಗ ದೊಡ್ಡ ಹೆಸರಿನ ಹಿಂದೆ ಹೋಗಬೇಡಿ. ಕಂದಕದಲ್ಲಿ ನಿಮ್ಮ ಕೆಲಸವನ್ನು ಕಣ್ಣಾರೆ ಕಂಡವರು ಒಬ್ಬರು, ನಿಮ್ಮ ಮಹಾಪ್ರಬಂಧವನ್ನು ಸಾಲು ಸಾಲಾಗಿ ಓದಿದ ಹೊರಗಿನ ಪರೀಕ್ಷಕರು ಒಬ್ಬರು ಬರೆದರೆ ಚೆನ್ನ. ಹೊರಗಿನ ಪರೀಕ್ಷಕರನ್ನು ಕೇಳಲು ನಮ್ಮ ಹುಡುಗರು ಹಿಂಜರಿಯುತ್ತಾರೆ. ಮೌಖಿಕ ಪರೀಕ್ಷೆ ಮುಗಿದು ಫಲಿತಾಂಶ ಬಂದ ಮೇಲೆ ವಿನಯದಿಂದ ಕೇಳಿ, ಜೊತೆಗೆ ಯೋಜನೆಯ ಟಿಪ್ಪಣಿಯನ್ನೂ ಕೊಡಿ, ಒಂದು ತಿಂಗಳಾದರೂ ಸಮಯ ಕೊಡಿ. ಅವರು ಒಲ್ಲೆ ಎಂದರೆ ಬೇರೆಯವರನ್ನು ಕೇಳಲು ಆಗ ನಿಮಗೂ ಸಮಯ ಉಳಿದಿರುತ್ತದೆ.