ಚೋರ್ಲಾ ಘಾಟ್ ಇಳಿದರೆ ಕ್ಯಾಸಿನೊ: ಕರ್ನಾಟಕಕ್ಕೂ ಒಂದು ಬೇಕಾ?

ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದರೆ ಸಾಖಳಿ ಬರುತ್ತದೆ. ಅಲ್ಲಿಂದ ಪಣಜಿ ಹತ್ತಿರ. ರಸ್ತೆ ಚೆನ್ನಾಗಿದ್ದರೆ ಒಟ್ಟು ಮೂರು ಗಂಟೆ. ರಸ್ತೆ ಚೆನ್ನಾಗಿರುವುದು ಅಪರೂಪ, ಅದು ಬೇರೆ ಮಾತು. ಶನಿವಾರ ಮಧ್ಯಾಹ್ನ ಈ ದಾರಿ ಹಿಡಿಯುವ ಕಾರುಗಳಲ್ಲಿ ಕೆಲವು ಬೀಚಿಗೆ ಹೋಗುತ್ತವೆ, ಕೆಲವು ಮಂಗೇಶಿ ಗುಡಿಗೆ. ಇನ್ನು ಕೆಲವು ಎಲ್ಲಿಗೆ ಹೋಗುತ್ತವೆ ಅಂತ ಮನೆಯಲ್ಲಿ ಹೇಳಿರುವುದಿಲ್ಲ. ಅದು ಸೋಮವಾರ ಚಹಾದಂಗಡಿಯಲ್ಲಿ ಗೊತ್ತಾಗುತ್ತದೆ.

"ಏನಪಾ, ಗೋವಾಕ್ಕ ಹೋಗಿದ್ಯಂತ?"

"ಹೂಂ, ಸುಮ್ನ ಹೋಗಿದ್ವಿ."

"ಎಷ್ಟ ಕಳ್ಕೊಂಡಿ?"

ಇದಕ್ಕೆ ಉತ್ತರ ಬರುವುದಿಲ್ಲ. ಗೆದ್ದಿದ್ದರೆ ಕೇಳುವ ಮೊದಲೇ ಹೇಳುತ್ತಿದ್ದ.

2020ರ ಫೆಬ್ರವರಿಯಲ್ಲಿ ಆಗಿನ ಪ್ರವಾಸೋದ್ಯಮ ಸಚಿವ ಸಿ.ಟಿ. ರವಿ ಅವರು ಕರ್ನಾಟಕದಲ್ಲೂ ಕ್ಯಾಸಿನೊ ಬಂದರೆ ಪ್ರವಾಸಿಗರನ್ನು ಸೆಳೆಯಬಹುದು ಎಂಬ ಮಾತು ಆಡಿದರು. ಗದ್ದಲ ಎದ್ದಿತು. ಅದು ಸುಮ್ನೆ ಉದಾಹರಣೆಗೆ ಹೇಳಿದ್ದು ಅಂತ ಸಚಿವರು ಹಿಂದೆ ಸರಿದರು. ಬೆಂಗಳೂರಿನಲ್ಲಿ ಅದೊಂದು ಹೊಸ ಸುದ್ದಿ. ಬೆಳಗಾವಿಯವರಿಗೆ ಮಾತ್ರ ಆ ಚರ್ಚೆ ಸ್ವಲ್ಪ ತಮಾಷೆಯಾಗಿ ಕಂಡಿತು. ನಮ್ಮ ಪಾಲಿಗೆ ಕ್ಯಾಸಿನೊ ಬಂದು ಎಷ್ಟೋ ವರ್ಷ ಆಗಿತ್ತಲ್ಲ.

ಕಾನೂನಿನ ಕತೆ ಹಳೆಯದು. ಬೆಳಗಾವಿ, ವಿಜಯಪುರ, ಬಾಗಲಕೋಟೆ ಮುಂಬೈ ಆಡಳಿತದಲ್ಲಿದ್ದಾಗ ಇಲ್ಲಿ ನಡೆಯುತ್ತಿದ್ದದ್ದು 1887ರ ಮುಂಬೈ ಜೂಜು ತಡೆ ಕಾಯ್ದೆ. ಸಂವಿಧಾನ ಬಂದಾಗ ಜೂಜು ಮತ್ತು ಬಾಜಿಯನ್ನು ರಾಜ್ಯಗಳ ಪಟ್ಟಿಗೆ ಹಾಕಿದರು. ಅದರ ಮೇಲಿನ ತೆರಿಗೆಯೂ ಆಗ ರಾಜ್ಯದ್ದೇ ಆಗಿತ್ತು. ಆದ್ದರಿಂದಲೇ ಗೋವಾದಲ್ಲಿ ಒಂದು ಕಾನೂನು, ಘಾಟ್ ಮೇಲೆ ಇನ್ನೊಂದು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1963ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಪೊಲೀಸ್ ಕಾಯ್ದೆ ಆಯಿತು. ಅದರ 78, 79, 80, 87ನೇ ಕಲಮುಗಳು ಜೂಜಿನವು. ಪೇಪರಿನಲ್ಲಿ "ಇಸ್ಪೀಟು ಅಡ್ಡೆ ಮೇಲೆ ದಾಳಿ, ಇಷ್ಟು ಜನರ ಬಂಧನ" ಅಂತ ಬರುವ ಸಣ್ಣ ಸುದ್ದಿಗಳ ಹಿಂದೆ ಇರುವುದು ಇವೇ.

ಈ ಹೊತ್ತಿನಲ್ಲೇ ಒಂದು ದೊಡ್ಡ ತೀರ್ಪು ಬಂತು. ಅದಕ್ಕೆ ನಮ್ಮ ಭಾಗದ ನಂಟೂ ಇದೆ. ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ಪತ್ರಿಕೆಯೊಂದು ಫೀ ಕಟ್ಟಿ ಪದಬಂಧ ಬಿಡಿಸಿದವರಿಗೆ ಬಹುಮಾನ ಕೊಡುತ್ತಿತ್ತು. ಪತ್ರಿಕೆ ಮುಂಬೈ ರಾಜ್ಯದಲ್ಲಿ ಜೋರಾಗಿ ಓಡುತ್ತಿತ್ತು. ಬೆಳಗಾವಿ ಆಗ ಅದೇ ರಾಜ್ಯದಲ್ಲಿತ್ತು. ಮುಂಬೈ ಸರಕಾರ ತೆರಿಗೆ ಹಾಕಿತು, ಪತ್ರಿಕೆಯವರು ಕೋರ್ಟಿಗೆ ಹೋದರು. 1957ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಜೂಜು ಎಂಬುದು ವ್ಯಾಪಾರವೇ ಅಲ್ಲ, ಅದಕ್ಕೆ ವ್ಯಾಪಾರದ ಸ್ವಾತಂತ್ರ್ಯ ಸಿಗುವುದಿಲ್ಲ. ಇಂದಿಗೂ ಕ್ಯಾಸಿನೊ ನಡೆಸುವುದು ಯಾರ ಹಕ್ಕೂ ಅಲ್ಲ. ರಾಜ್ಯ ಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ರಾಜ್ಯಗಳು ಏನೇನು ಬಿಟ್ಟವು ಅಂತ ನೋಡಿದರೆ ನಗು ಬರುತ್ತದೆ. ಕುದುರೆ ರೇಸು ಬಿಟ್ಟರು, ಅದಕ್ಕೆ 1952ರಲ್ಲೇ ಮೈಸೂರಿನಲ್ಲಿ ಲೈಸೆನ್ಸ್ ಕಾಯ್ದೆ ಆಗಿತ್ತು. ರಮ್ಮಿಯಲ್ಲಿ ಬುದ್ಧಿಯ ಪಾಲು ಜಾಸ್ತಿ ಅಂತ 1967ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಕೊಂಡಿತು. ಲಾಟರಿಯನ್ನು ಸರಕಾರಗಳೇ ನಡೆಸಿದವು. 1967ರಲ್ಲಿ ಕೇರಳ ಶುರು ಮಾಡಿತು, ನಮ್ಮ ರಾಜ್ಯವೂ ಹಿಂದೆ ಬೀಳಲಿಲ್ಲ. ಬಸ್ ಸ್ಟ್ಯಾಂಡ್ ಬಾಯಲ್ಲಿ ಹಗ್ಗಕ್ಕೆ ಕ್ಲಿಪ್ ಹಾಕಿ ತೂಗುಬಿಟ್ಟ ಬಣ್ಣಬಣ್ಣದ ಟಿಕೆಟುಗಳು, ಸಂಜೆ ಫಲಿತಾಂಶದ ಹಾಳೆಯ ಮೇಲೆ ಬಗ್ಗಿ ಬೆರಳಿಟ್ಟು ಹುಡುಕುವ ಹಮಾಲರು, ಕೆಳಗೆ ಕಾಲಿಗೆ ಸಿಗುವ ಹರಿದ ಟಿಕೆಟು. ನಲವತ್ತು ದಾಟಿದವರಿಗೆಲ್ಲ ಇದು ನೆನಪಿರಬೇಕು.

2007ರ ಏಪ್ರಿಲ್‌ನಲ್ಲಿ ಎಚ್.ಡಿ. ಕುಮಾರಸ್ವಾಮಿ ಸರಕಾರ ಲಾಟರಿ ನಿಲ್ಲಿಸಿತು. ಅದೇ ಜುಲೈನಲ್ಲಿ ಸಾರಾಯಿಯೂ ನಿಂತಿತು. ಎರಡರಿಂದಲೂ ಖಜಾನೆಗೆ ದುಡ್ಡು ಬರುತ್ತಿತ್ತು. ಎರಡನ್ನೂ ನಿಲ್ಲಿಸಿದ್ದಕ್ಕೆ ಕೊಟ್ಟ ಕಾರಣ ಬಡವರ ಮನೆ ಹಾಳಾಗುತ್ತಿದೆ ಎಂಬುದು. ಮುಂದೆ ಯಾರಾದರೂ ಕ್ಯಾಸಿನೊದಿಂದ ಆದಾಯ ಅಂದರೆ ಈ ವರ್ಷವನ್ನು ನೆನಪಿಸಬೇಕು. ಆದರೆ ನಿಪ್ಪಾಣಿ ದಾಟಿ ಕಾಗಲ್‌ಗೆ ಹೋದರೆ ಮಹಾರಾಷ್ಟ್ರ ಸರಕಾರದ ಲಾಟರಿ ಈಗಲೂ ಇದೆ. ಗಡಿ ಊರುಗಳ ಪಾಡೇ ಇದು. ನಮ್ಮಲ್ಲಿ ಮುಚ್ಚಿದ ಬಾಗಿಲು ಪಕ್ಕದ ಓಣಿಯಲ್ಲಿ ತೆರೆದಿರುತ್ತದೆ.

ಮಟ್ಕಾಗೆ ಮಾತ್ರ ಯಾವ ಗಡಿಯೂ ಇಲ್ಲ. ನ್ಯೂಯಾರ್ಕಿನಿಂದ ಮುಂಬೈಗೆ ತಂತಿಯಲ್ಲಿ ಬರುತ್ತಿದ್ದ ಹತ್ತಿಯ ದರದ ಮೇಲೆ ಬಾಜಿ ಕಟ್ಟುವುದರಿಂದ ಅದು ಹುಟ್ಟಿತು. 1960ರ ದಶಕದ ಆರಂಭದಲ್ಲಿ ಆ ದರ ಬರುವುದು ನಿಂತಾಗ ಮಡಕೆಯಿಂದ ಚೀಟಿ ಎತ್ತುವುದು, ಆಮೇಲೆ ಇಸ್ಪೀಟು ಎಲೆ ಎತ್ತುವುದು ಶುರುವಾಯಿತು. ಮಡಕೆಯಿಂದಲೇ ಮಟ್ಕಾ ಎಂಬ ಹೆಸರು. ಮೊದಲು ಬರುವ ಅಂಕಿ ಓಪನ್, ಆಮೇಲಿನದು ಕ್ಲೋಸ್; ಎರಡೂ ಸೇರಿ ನಮ್ಮಲ್ಲಿ ಅದು "ಓಸಿ" ಆಯಿತು. ಪಾನಂಗಡಿ ಹಿಂದೆ ಸಣ್ಣ ಚೀಟಿಯಲ್ಲಿ ಎರಡು ಅಂಕಿ ಬರೆದುಕೊಟ್ಟರೆ ಮುಗಿಯಿತು.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಯಾಕೆಂದರೆ "ಕಳ್ಳ ಮಟ್ಕಾಕ್ಕಿಂತ ಲೈಸೆನ್ಸ್ ಕ್ಯಾಸಿನೊ ವಾಸಿ" ಎಂಬ ವಾದ ಮೇಲಿಂದ ಮೇಲೆ ಕೇಳಿಬರುತ್ತದೆ. ಓಸಿಯಲ್ಲಿ ಜೋಡಿ ಅಂಕಿ ಎಂದರೆ 00ರಿಂದ 99ರವರೆಗೆ ನೂರು. ಹೊಡೆದರೆ ಒಂದು ರೂಪಾಯಿಗೆ 80 ಸಿಗುತ್ತದೆ ಅಂದುಕೊಳ್ಳಿ. ಹಾಗಾದರೆ ನೂರು ರೂಪಾಯಿಯಲ್ಲಿ ಇಪ್ಪತ್ತು ಬುಕ್ಕಿಯ ಪಾಲು. ಕ್ಯಾಸಿನೊದ ರೂಲೆಟ್ ಚಕ್ರದಲ್ಲಿ 0ಯಿಂದ 36ರವರೆಗೆ 37 ಮನೆ. ಒಂದು ಅಂಕಿಯ ಮೇಲೆ ನೂರು ರೂಪಾಯಿ ಇಟ್ಟು ಗೆದ್ದರೆ ನಿಮ್ಮ ನೂರರ ಜೊತೆ 3,500 ಸಿಗುತ್ತದೆ. ಅಂದರೆ ನೂರಕ್ಕೆ ಬರೀ 2.7 ರೂಪಾಯಿ ಕ್ಯಾಸಿನೊದವರಿಗೆ. ಎಷ್ಟು ನ್ಯಾಯ, ಅಲ್ವಾ? ಆದರೆ ಓಸಿ ಚೀಟಿ ಹಚ್ಚಿದವನು ಅಂಕಿ ಬರುವವರೆಗೆ ಕಾಯಬೇಕು. ಚಕ್ರ ಕಾಯಿಸುವುದಿಲ್ಲ, ಒಂದೆರಡು ನಿಮಿಷಕ್ಕೊಮ್ಮೆ ತಿರುಗುತ್ತದೆ. ಸುತ್ತಿಗೆ ನೂರರಂತೆ ನಲವತ್ತು ಸುತ್ತು ಆಡಿದರೆ ಸರಾಸರಿ 108 ರೂಪಾಯಿ ಹೋಯಿತು. ಅಷ್ಟು ಹೊತ್ತಿಗೆ ರಾತ್ರಿ ಇನ್ನೂ ಶುರುವಾಗಿರುತ್ತದೆ ಅಷ್ಟೆ. ಊಟ, ಕುಡಿಯುವುದು ಎಂಟ್ರಿ ಟಿಕೆಟಿನಲ್ಲೇ ಸೇರಿರುವುದಕ್ಕೆ ಕಾರಣವೂ ಇದೇ. ಎದ್ದು ಹೋಗಬಾರದು.

ಗೋವಾದ ಜೂಜು ಕಾಯ್ದೆ 1976ರದ್ದು. ಮೊದಲು ಅದೂ ಜೂಜನ್ನು ತಡೆಯುವ ಕಾಯ್ದೆಯೇ. 1992ರಲ್ಲಿ ತಿದ್ದುಪಡಿ ಮಾಡಿ ಪಂಚತಾರಾ ಹೋಟೆಲುಗಳಲ್ಲಿ ಮಷಿನ್ ಆಟಕ್ಕೆ ಬಾಗಿಲು ತೆರೆದರು. 1996ರಲ್ಲಿ ಹಡಗಿನ ಮೇಲೆ ಟೇಬಲ್ ಆಟಕ್ಕೂ ಅವಕಾಶ ಕೊಟ್ಟರು. ಹಡಗುಗಳು ಸಮುದ್ರಕ್ಕೇನೂ ಹೋಗಲಿಲ್ಲ. ಮಾಂಡೋವಿ ನದಿಯಲ್ಲಿ, ಪಣಜಿಯ ಎದುರಿಗೇ ನಿಂತವು. ಈಗ ಆರು ಇವೆ. ಅವುಗಳನ್ನು ಬೇರೆ ಕಡೆ ಸಾಗಿಸುತ್ತೇವೆ ಎನ್ನುತ್ತಲೇ ಅಲ್ಲಿನ ಸರಕಾರ ಆರಾರು ತಿಂಗಳಂತೆ ಮುಂದೂಡುತ್ತ ಬಂದಿದೆ. ವಿರೋಧ ಪಕ್ಷದಲ್ಲಿದ್ದಾಗ ಕ್ಯಾಸಿನೊ ಓಡಿಸಿ ಅಂದವರು ಅಧಿಕಾರಕ್ಕೆ ಬಂದಮೇಲೆ ಸುಮ್ಮನಾದರು. ಒಂದು ಸಲ ಬಂದ ದುಡ್ಡನ್ನು ಬಿಡುವುದು ಯಾವ ಸರಕಾರಕ್ಕೂ ಸುಲಭವಲ್ಲ.

ಆ ಹಡಗಿನೊಳಗೆ ರೂಲೆಟ್ ಜೊತೆ ಅಂದರ್ ಬಾಹರ್ ಟೇಬಲ್ ಕೂಡ ಇದೆ. ಅದೇ ಆಟ, ಅದೇ 52 ಎಲೆ. ನಮ್ಮ ಕಡೆ ಪಂಚಮಿ ಹೊತ್ತಿಗೆ ಹುಣಸೆಮರದ ಕೆಳಗೆ ಗೋಣಿಚೀಲ ಹಾಸಿಕೊಂಡು ಆಡಿದರೆ 87ನೇ ಕಲಂ. ಪೊಲೀಸ್ ಜೀಪಿನ ಸದ್ದಿಗೆ ಚಪ್ಪಲಿ ಬಿಟ್ಟು ಕಬ್ಬಿನ ಗದ್ದೆಗೆ ಓಡಬೇಕು. ಅಲ್ಲಿ ಎಸಿ ಕೆಳಗೆ ಕೂತವನಿಗೆ ಕಾಂಪ್ಲಿಮೆಂಟರಿ ಕಾಫಿ. ಇನ್ನೊಂದು ತಮಾಷೆ ಏನೆಂದರೆ 78 ಮತ್ತು 87ರ ಕೇಸಿಗೆ ಪೊಲೀಸರು ಮೊದಲು ಮ್ಯಾಜಿಸ್ಟ್ರೇಟ್ ಅನುಮತಿ ಪಡೆಯಬೇಕಿತ್ತು. ಪಡೆಯದೆ ಹಾಕಿದ ಎಷ್ಟೋ ಕೇಸುಗಳನ್ನು ಹೈಕೋರ್ಟ್ ರದ್ದು ಮಾಡಿದೆ. ಹಾಗಾಗಿ "ನಮ್ಮಲ್ಲಿ ನಿಷೇಧ ಇದೆ" ಅನ್ನುವುದನ್ನೂ ಪೂರ್ತಿ ನಂಬುವ ಹಾಗಿಲ್ಲ.

ಗೋವಾದ ಕಾಯ್ದೆ ಬಂದ 1976ರಲ್ಲೇ ಮಹಾರಾಷ್ಟ್ರವೂ ಕ್ಯಾಸಿನೊ ಕಾಯ್ದೆ ಮಾಡಿತ್ತು. ಮಾಡಿ ಕಪಾಟಿನಲ್ಲಿಟ್ಟಿತು. ಒಂದು ದಿನವೂ ಜಾರಿಗೆ ಬರದ ಆ ಕಾಯ್ದೆಯನ್ನು 2023ರಲ್ಲಿ ರದ್ದು ಮಾಡಿದರು. ಸಿಕ್ಕಿಂ 2002ರಲ್ಲಿ ಕಾಯ್ದೆ ಮಾಡಿ ತೆರೆದೂಬಿಟ್ಟಿತು. ಕರ್ನಾಟಕ ಯಾವ ಕಡೆಗೂ ಹೆಜ್ಜೆ ಇಡಲಿಲ್ಲ. 2021ರ ಅಕ್ಟೋಬರ್‌ನಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಹಣದಾಟ ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ಹೊಡೆದುಹಾಕಿತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತೇ ಆನ್‌ಲೈನ್ ಹಣದಾಟ ನಿಷೇಧಿಸುವ ಕಾನೂನು ಮಾಡಿತು. ಮೊಬೈಲಿನ ಆಟಕ್ಕೆ ದೇಶಕ್ಕೆಲ್ಲ ಬೀಗ, ಹಡಗಿನ ಆಟ ಮಾತ್ರ ರಾಜ್ಯದ ಇಷ್ಟ.

ಇನ್ನು ಆದಾಯದ ಮಾತು. 2023ರ ಅಕ್ಟೋಬರ್‌ನಿಂದ ಕ್ಯಾಸಿನೊದಲ್ಲಿ ಚಿಪ್ (ದುಡ್ಡಿನ ಬದಲು ಆಡುವ ಬಿಲ್ಲೆ) ಕೊಳ್ಳುವ ಹಣದ ಮೇಲೆಯೇ ಶೇ 28 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಶೇ 40. ಅದರಲ್ಲಿ ಅರ್ಧ ಗೋವಾಕ್ಕೆ, ಅರ್ಧ ಕೇಂದ್ರಕ್ಕೆ. ದುಡ್ಡು ಕಳೆದುಕೊಂಡವನು ಹಿಂಡಲಗಾದವನಾದರೂ ಕರ್ನಾಟಕದ ಖಜಾನೆಗೆ ಚಿಕ್ಕಾಸಿಲ್ಲ. ಕ್ಯಾಸಿನೊ ಬೇಕು ಅನ್ನುವವರ ಗಟ್ಟಿ ವಾದ ಇದು, ಇದನ್ನು ತಳ್ಳಿಹಾಕುವುದು ಕಷ್ಟ. ಆ ಹಡಗುಗಳು ನಿಂತಿರುವ ಮಾಂಡೋವಿ ಹುಟ್ಟುವುದೂ ನಮ್ಮ ಖಾನಾಪುರ ತಾಲೂಕಿನ ದೇಗಾಂವದಲ್ಲೇ. ಇಲ್ಲಿ ಅದರ ಹೆಸರು ಮಹದಾಯಿ. ಅದರ ನೀರಿಗಾಗಿ ದಶಕಗಳಿಂದ ಜಗಳ ನಡೆದಿದೆ. ಅದರ ಮೇಲೆ ತೇಲುವ ದುಡ್ಡಿನ ಬಗ್ಗೆ ಯಾರೂ ಮಾತಾಡಿಲ್ಲ.

ಆದರೂ ನನಗೆ ಈ ವಾದ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಕಾರಣ ಗೋವಾವೇ. ರವಿ ಅವರು ಬೆಂಗಳೂರಿನಲ್ಲಿ ಕ್ಯಾಸಿನೊ ಮಾತಾಡಿದ ಅದೇ ತಿಂಗಳು, 2020ರ ಫೆಬ್ರವರಿ 1ರಿಂದ, ಗೋವಾ ಸರಕಾರ ತನ್ನ ನಿವಾಸಿಗಳು ಕ್ಯಾಸಿನೊಗೆ ಕಾಲಿಡುವುದನ್ನು ನಿಷೇಧಿಸಿತು. ಸಿಕ್ಕಿಂ ಕೂಡ ತನ್ನವರನ್ನು ಹೊರಗಿಟ್ಟಿದೆ. ನೇಪಾಳದಲ್ಲೂ ಅಷ್ಟೆ, ಅಲ್ಲಿನ ಪ್ರಜೆಗಳಿಗೆ ಪ್ರವೇಶವಿಲ್ಲ. ಅಡುಗೆ ಮಾಡಿದವರೇ ಮಕ್ಕಳಿಗೆ ಬಡಿಸುವುದಿಲ್ಲ ಅಂದರೆ ಆ ಅಡುಗೆ ಎಂಥದ್ದಿರಬೇಕು? ಕರ್ನಾಟಕ ನಾಳೆ ತೆರೆದರೂ ಇದೇ ನಿಯಮ ಮಾಡಬೇಕಾಗುತ್ತದೆ. ಮಾಡದಿದ್ದರೆ 2007ರಲ್ಲಿ ಲಾಟರಿ ಯಾಕೆ ನಿಲ್ಲಿಸಿದಿರಿ ಅಂತ ಯಾರಾದರೂ ಕೇಳುತ್ತಾರೆ. ಮಾಡಿದರೆ ನಮ್ಮವರು ಹೇಗೂ ಗೋವಾಕ್ಕೇ ಹೋಗುತ್ತಾರೆ. ಅಲ್ಲಿ ಹಡಗು ಹತ್ತುವ ಮೊದಲು ಗುರುತಿನ ಚೀಟಿ ಕೇಳುತ್ತಾರೆ. ಪಣಜಿಯ ವಿಳಾಸ ಇದ್ದರೆ ವಾಪಸ್. ಬೆಳಗಾವಿಯದ್ದಿದ್ದರೆ, "ಬನ್ನಿ ಸರ್."