ಊರೂರು ಸುತ್ತುವ ತೆರಿಗೆ ನ್ಯಾಯಾಧೀಶರು

ಸೋಮವಾರ ಬೆಳಿಗ್ಗೆ, ಬೇರೊಂದು ನ್ಯಾಯಾಲಯದಿಂದ ಎರವಲು ಪಡೆದ ಸಭಾಂಗಣ. ಗುಮಾಸ್ತರು ಒಂದೊಂದೇ ಪ್ರಕರಣ ಕೂಗುತ್ತಾರೆ. ಎದ್ದು ನಿಲ್ಲುವವರಲ್ಲಿ ಹೆಚ್ಚಿನವರಿಗೆ ವಕೀಲರಿಲ್ಲ. ಒಬ್ಬರ ಕೈಯಲ್ಲಿ ಪ್ಲಾಸ್ಟಿಕ್ ಚೀಲದ ತುಂಬ ರಸೀದಿ. ನ್ಯಾಯಾಧೀಶರು ಗದರುವುದಿಲ್ಲ. 'ಆಚೆ ಉಚಿತ ನೆರವಿನ ವಕೀಲರಿದ್ದಾರೆ, ಮಾತನಾಡಿ ಬನ್ನಿ' ಎನ್ನುತ್ತಾರೆ. ಮಧ್ಯಾಹ್ನದೊಳಗೆ ಪಟ್ಟಿಯ ಬಹುಪಾಲು ರಾಜಿಯಲ್ಲಿ ಕರಗಿರುತ್ತದೆ.

ಅಮೆರಿಕದ ಫೆಡರಲ್ ತೆರಿಗೆ ನ್ಯಾಯಾಲಯದ ಕಚೇರಿ ಇರುವುದು ವಾಷಿಂಗ್ಟನ್‌ನಲ್ಲಿ. ಆದರೆ ವಿಚಾರಣೆಗೆ ನ್ಯಾಯಾಧೀಶರೇ ಊರೂರಿಗೆ ಹೋಗುತ್ತಾರೆ. ಹುದ್ದೆಗಳು 19, ಅವಧಿ 15 ವರ್ಷ; ಅಧ್ಯಕ್ಷರು ನೇಮಿಸಬೇಕು, ಸೆನೆಟ್ ಒಪ್ಪಬೇಕು. ಜ್ಯೂರಿ ಇಲ್ಲ. ತೆರಿಗೆ ಕಟ್ಟುವ ಮೊದಲೇ ತಕರಾರು ಎತ್ತಬಹುದು ಎಂಬುದೇ ಇದರ ದೊಡ್ಡ ಅನುಕೂಲ. ಇಷ್ಟು ತೆರಿಗೆ ಬಾಕಿಯಿದೆ ಎಂಬ ಇಲಾಖೆಯ ನೋಟಿಸ್ ಹೊರಟ ದಿನದಿಂದ ಅರ್ಜಿ ಹಾಕಲು 90 ದಿನಗಳ ಗಡುವು. ಅದು ಅಮೆರಿಕದ ಹೊರಗಿರುವವರ ಹೆಸರಿಗೆ ಬಂದಿದ್ದರೆ 150. ಕೆಲಸ ಬಿಟ್ಟು ಬೆಂಗಳೂರಿಗೆ ಮರಳಿದ ಕಕ್ಷಿದಾರರಿಗೆ ನಾನು ಮೊದಲು ಹೇಳುವುದೇ ಇದನ್ನು.

ಈ ಪೀಠಕ್ಕೆ ಬರುವವರಲ್ಲಿ ಹಲವರು ತೆರಿಗೆ ಇಲಾಖೆಯ ವಕೀಲರಾಗಿದ್ದವರು. ನಿನ್ನೆಯವರೆಗೆ ಇಲಾಖೆಯ ಉಪ್ಪು ತಿಂದವರು ನಾಳೆ ಅದರ ವಿರುದ್ಧ ಬರೆದಾರೆ? ಬರೆಯುತ್ತಾರೆ, ಇಲಾಖೆಯ ಲೆಕ್ಕ ಎಲ್ಲಿ ಉಬ್ಬುತ್ತದೆ ಎಂಬುದು ಒಳಗಿದ್ದವರಿಗೇ ಚೆನ್ನಾಗಿ ಗೊತ್ತು.

ಕಾನೂನಿನ ಓದು ಈ ಕೆಲಸದ ಅರ್ಧ ಮಾತ್ರ. ಉಳಿದರ್ಧ ಬೆಲೆ ಕಟ್ಟುವುದು. ಮೈಕೆಲ್ ಜಾಕ್ಸನ್ ಸಾಯುವ ಹೊತ್ತಿಗೆ ಅವರ ಹೆಸರು ಮತ್ತು ಚಹರೆಗೆ ಎಷ್ಟು ಬೆಲೆಯಿತ್ತು? ಸತ್ತವರು ಬಿಟ್ಟುಹೋದ ಆಸ್ತಿಯ ಮೇಲಿನ ತೆರಿಗೆಗಾಗಿ ಉಸ್ತುವಾರಿಗಳು ರಿಟರ್ನ್‌ನಲ್ಲಿ ಬರೆದದ್ದು 2,105 ಡಾಲರ್. ವಿಚಾರಣೆಯಲ್ಲಿ ಇಲಾಖೆ ಹೇಳಿದ್ದು ಸುಮಾರು 16 ಕೋಟಿ. ನ್ಯಾಯಾಧೀಶ ಮಾರ್ಕ್ ಹೋಮ್ಸ್ 2021ರಲ್ಲಿ ನಿಲ್ಲಿಸಿದ್ದು ಸುಮಾರು 41.5 ಲಕ್ಷಕ್ಕೆ. ಸತ್ತ ಮೇಲೆ ಹಾಡುಗಳು ಎಷ್ಟು ಗಳಿಸಿದವು ಎಂಬುದಲ್ಲ, 2009ರ ಆ ದಿನ, ಅಪವಾದಗಳ ನೆರಳಿನಲ್ಲಿದ್ದ ಆ ಹೆಸರನ್ನು ಯಾರಾದರೂ ಎಷ್ಟಕ್ಕೆ ಕೊಳ್ಳುತ್ತಿದ್ದರು ಎಂಬುದೇ ಪ್ರಶ್ನೆಯಾಗಿತ್ತು.

ಎಪ್ಪತ್ತು ತುಂಬಿದರೆ ನಿವೃತ್ತಿ ಕಡ್ಡಾಯ. ಆದರೂ ಹಿರಿಯ ನ್ಯಾಯಾಧೀಶರನ್ನು ಮತ್ತೆ ಕೆಲಸಕ್ಕೆ ಕರೆಯುವುದುಂಟು. 1962ರಲ್ಲಿ ನೇಮಕವಾದ ಹೊವಾರ್ಡ್ ಡಾಸನ್ ಹಾಗೆಯೇ ದಶಕಗಳ ಕಾಲ ದುಡಿದು 2016ರಲ್ಲಿ ತೀರಿಕೊಂಡರು. ನ್ಯಾಯಾಲಯದ ಆನ್‌ಲೈನ್ ವ್ಯವಸ್ಥೆಗೆ ಈಗ 'ಡಾಸನ್' ಎಂದೇ ಹೆಸರು. ಅರ್ಜಿ ಸಲ್ಲಿಸಲು ಲಾಗಿನ್ ಆದಾಗಲೆಲ್ಲ ಅವರ ಹೆಸರೇ ಎದುರಾಗುತ್ತದೆ.