ಜೂಡಿತ್ ಕೈಯಲ್ಲಿರುವುದು ಹೆಂಗಸಿನ ತಲೆ ಯಾಕೆ?

ಪ್ರಶ್ನೆ: ಅಮೆರಿಕದ ಚಿತ್ರಕಾರ ಕೆಹಿಂಡೆ ವೈಲಿ ಬಿಡಿಸಿದ ‘ಜೂಡಿತ್ ಮತ್ತು ಹೋಲೋಫರ್ನಿಸ್’ ಚಿತ್ರ ನೋಡಿದೆ. ಕಥೆಯಲ್ಲಿ ಜೂಡಿತ್ ಕಡಿಯುವುದು ಒಬ್ಬ ಸೇನಾಪತಿಯ ತಲೆಯನ್ನು ಅಲ್ವಾ? ಇಲ್ಲಿ ಬಿಳಿ ಹೆಂಗಸಿನ ತಲೆ ಇದೆ. ಜನರನ್ನು ಸುಮ್ನೆ ಕೆರಳಿಸೋಕೆ ಹೀಗೆ ಮಾಡಿದ್ದಾ?

ಉತ್ತರ: ಕೆರಳಿಸುವ ಉದ್ದೇಶ ಇಲ್ಲವೇ ಇಲ್ಲ ಅನ್ನಲಾರೆ. ಆದರೆ ಅಷ್ಟಕ್ಕೇ ನಿಂತರೆ ಚಿತ್ರದ ಮುಖ್ಯ ಮಾತೇ ತಪ್ಪಿಹೋಗುತ್ತದೆ.

ಮೊದಲು ಕಥೆ. ಜೂಡಿತ್ ಪುಸ್ತಕ ಕ್ಯಾಥೊಲಿಕ್ ಮತ್ತು ಆರ್ಥೊಡಾಕ್ಸ್ ಬೈಬಲ್‌ಗಳಲ್ಲಿ ಇದೆ. ಯಹೂದಿ ಧರ್ಮಗ್ರಂಥದಲ್ಲಿ ಇಲ್ಲ, ಪ್ರೊಟೆಸ್ಟೆಂಟರೂ ಅದನ್ನು ಧರ್ಮಗ್ರಂಥವೆಂದು ಒಪ್ಪುವುದಿಲ್ಲ. ಸೇನಾಪತಿ ಹೋಲೋಫರ್ನಿಸ್ ಯಹೂದಿಗಳ ಬೆತೂಲಿಯ ಊರಿಗೆ ಮುತ್ತಿಗೆ ಹಾಕಿ ನೀರು ನಿಲ್ಲಿಸುತ್ತಾನೆ. ಹಿರಿಯರು ಶರಣಾಗಲು ಹೊರಟಾಗ ವಿಧವೆ ಜೂಡಿತ್ ಒಡವೆ ತೊಟ್ಟು, ದಾಸಿಯ ಜೊತೆ ಶತ್ರುಗಳ ಪಾಳೆಯಕ್ಕೆ ಹೋಗುತ್ತಾಳೆ. ಅವನು ಕುಡಿದು ಮೈಮರೆತಾಗ ಕೂದಲು ಹಿಡಿದು, ಅವನದೇ ಕತ್ತಿಯಿಂದ ಎರಡು ಏಟಿಗೆ ತಲೆ ಕಡಿಯುತ್ತಾಳೆ. ದಾಸಿ ಅದನ್ನು ಊಟದ ಚೀಲಕ್ಕೆ ಹಾಕಿಕೊಳ್ಳುತ್ತಾಳೆ.

ಈ ಕಥೆಯನ್ನು ಪ್ರತಿ ಕಾಲದ ಕಲಾವಿದರೂ ತಮಗೆ ಬೇಕಾದಂತೆ ಹೇಳಿದ್ದಾರೆ. 1599ರ ಆಸುಪಾಸಿನಲ್ಲಿ ಇಟಲಿಯ ಚಿತ್ರಕಾರ ಕರವಾಜ್ಜೊ ಬಿಡಿಸಿದ ಜೂಡಿತ್ ಹುಬ್ಬು ಗಂಟಿಕ್ಕಿ ಹಿಂದಕ್ಕೆ ಸರಿದು ನಿಂತಿದ್ದಾಳೆ. ಮಾಡುವ ಕೆಲಸವೇ ಅವಳಿಗೆ ಹೇಸಿಗೆ. ಪಕ್ಕದ ದಾಸಿ ಮುದುಕಿ, ಬಟ್ಟೆ ಹಿಡಿದು ಕಾಯುತ್ತಾಳೆ ಅಷ್ಟೇ. ಹತ್ತಾರು ವರ್ಷಗಳ ನಂತರ ಅಲ್ಲಿನದೇ ಚಿತ್ರಕಾರ್ತಿ ಆರ್ಟೆಮಿಸಿಯಾ ಜೆಂಟಿಲೆಸ್ಕಿ ಇದನ್ನೇ ಬಿಡಿಸಿದಾಗ ದಾಸಿ ಗಟ್ಟಿಮುಟ್ಟಾದ ಯುವತಿ. ಅವಳು ಹೋಲೋಫರ್ನಿಸ್‌ನನ್ನು ಹಾಸಿಗೆಗೆ ಒತ್ತಿ ಹಿಡಿದಿದ್ದಾಳೆ, ಜೂಡಿತ್ ಬಟ್ಟೆಯ ತೋಳು ಮೇಲೆ ಮಡಚಿ ಮೈಯ ಬಲವನ್ನೆಲ್ಲ ಹಾಕಿದ್ದಾಳೆ. ಒಬ್ಬ ಗಂಡಸನ್ನು ಕೊಲ್ಲೋಕೆ ಎಷ್ಟು ಶಕ್ತಿ ಬೇಕು ಅನ್ನುವುದು ಆ ಚಿತ್ರದಲ್ಲಿ ಗೊತ್ತಾಗುತ್ತದೆ.

ವೈಲಿ 2012ರಲ್ಲಿ ಈ ಸಾಲಿಗೆ ಸೇರಿದರು. ಅಲ್ಲಿಯವರೆಗೆ ಹೆಚ್ಚಾಗಿ ಕಪ್ಪು ಯುವಕರನ್ನೇ ಬಿಡಿಸುತ್ತಿದ್ದ ಅವರು ‘ಆ್ಯನ್ ಎಕಾನಮಿ ಆಫ್ ಗ್ರೇಸ್’ ಎಂಬ ಸರಣಿಯಲ್ಲಿ ಮೊದಲ ಸಲ ಹೆಂಗಸರನ್ನೇ ಕೇಂದ್ರಕ್ಕೆ ತಂದರು. ವೃತ್ತಿಪರ ಮಾಡೆಲ್‌ಗಳ ಬದಲು ನ್ಯೂಯಾರ್ಕಿನ ಬೀದಿಗಳಲ್ಲಿ ಕಂಡ ಸಾಮಾನ್ಯ ಮಹಿಳೆಯರನ್ನು ಕೇಳಿ ಒಪ್ಪಿಸಿದರು. ಅವರಿಗಾಗಿ ಜಿವಾಂಷಿ ಫ್ಯಾಷನ್ ಸಂಸ್ಥೆಯ ಆಗಿನ ವಿನ್ಯಾಸಕ ರಿಕಾರ್ಡೊ ಟಿಶಿ ಗೌನ್‌ಗಳನ್ನು ಹೊಲಿಸಿದರು. ನಾರ್ತ್ ಕ್ಯಾರೊಲೈನಾ ಮ್ಯೂಸಿಯಂ ಆಫ್ ಆರ್ಟ್‌ನಲ್ಲಿರುವ ಈ ಜೂಡಿತ್ ಚಿತ್ರ ಸುಮಾರು 10 ಅಡಿ ಎತ್ತರ. ಕಡುನೀಲಿ ಗೌನ್ ತೊಟ್ಟ ಕಪ್ಪು ಹೆಣ್ಣು ನಮ್ಮನ್ನೇ ನೋಡುತ್ತಿದ್ದಾಳೆ. ಡೇರೆಯೂ ಇಲ್ಲ, ಹಾಸಿಗೆಯೂ ಇಲ್ಲ, ಹಿಂದೆಲ್ಲ ಹೂಬಳ್ಳಿಗಳ ವಿನ್ಯಾಸ. ಒಂದು ಕೈಯಲ್ಲಿ ಚಾಕು. ಇನ್ನೊಂದು ಕೈ ಮೂಲ ಕಥೆಯಲ್ಲಿದ್ದ ಹಾಗೇ ಕೂದಲು ಹಿಡಿದಿದೆ.

ಇನ್ನು ನಿಮ್ಮ ಪ್ರಶ್ನೆಗೆ ಬರೋಣ. ನಾನು ಅದನ್ನು ಓದುವ ರೀತಿ ಇದು. ಯುರೋಪಿನ ಚಿತ್ರಕಲೆಯಲ್ಲಿ ಶತಮಾನಗಳ ಕಾಲ ‘ಸುಂದರಿ’ ಅಂದರೆ ಬಿಳಿ ಹೆಣ್ಣು. ಕಪ್ಪು ಹೆಣ್ಣು ಕಾಣಿಸಿಕೊಂಡರೂ ಹೆಚ್ಚಾಗಿ ಮೂಲೆಯಲ್ಲಿ, ಸೇವೆಗೆ ನಿಂತವಳಾಗಿ. ಇಲ್ಲಿ ಮುತ್ತಿಗೆ ಹಾಕಿರುವುದು ಸೈನ್ಯ ಅಲ್ಲ, ಸೌಂದರ್ಯದ ಆ ಅಳತೆಗೋಲು. ಕೈಯಲ್ಲಿರುವ ತಲೆ ಒಬ್ಬ ವ್ಯಕ್ತಿಯದಲ್ಲ, ಆ ಅಳತೆಗೋಲಿನದು. 2018ರಲ್ಲಿ ವೈಲಿ ಬಿಡಿಸಿದ ಒಬಾಮ ಅವರ ಭಾವಚಿತ್ರ ಅನಾವರಣಗೊಂಡಾಗ ಈ ಹಳೆಯ ಚಿತ್ರವೂ ಸುದ್ದಿಗೆ ಬಂತು. ಜನಾಂಗದ್ವೇಷ ಎಂದು ಹಲವರು ದೂರಿದರು. ಜೂಡಿತ್ ಯಾರು ಅಂತ ಗೊತ್ತಿಲ್ಲದೆ ನೋಡಿದರೆ ಹಾಗೆ ಅನ್ನಿಸುವುದು ಸಹಜವೇ.

ಕಥೆ ಗೊತ್ತಿದ್ದ ಮೇಲೂ ನನಗೆ ಒಂದು ತಕರಾರು ಉಳಿದಿದೆ, ಅದು ದಾಸಿಯ ಬಗ್ಗೆ. ವೈಲಿ ಅವಳನ್ನು ಪೂರ್ತಿ ಬಿಟ್ಟಿದ್ದಾರೆ. ಆರ್ಟೆಮಿಸಿಯಾ ಚಿತ್ರಕ್ಕೆ ಅಷ್ಟೊಂದು ಬಲ ಬಂದದ್ದೇ ಇಬ್ಬರು ಹೆಂಗಸರು ಸೇರಿ ಮಾಡುವುದರಿಂದ. ಇಲ್ಲೂ ಜೊತೆಗೊಬ್ಬಳು ಇದ್ದಿದ್ದರೆ ಹೆಣ್ಣಿನ ಎದುರು ಹೆಣ್ಣು ಅನ್ನುವ ಭಾವ ಇಷ್ಟು ಜಾಸ್ತಿ ಆಗುತ್ತಿರಲಿಲ್ಲ.